ಕಣ್ಣಿಗೆ ಬಿದ್ದ ಹೊಟ್ಟು

ಹೊಳೆದಂಡೆಯ ಆಶ್ರಮದಲ್ಲಿ ಮುಪ್ಪಿನಯ್ಯನವರ ಬಳಿ ಮರುಳಸಿದ್ಧನೆಂಬ ಶಿಷ್ಯನಿದ್ದ. ಬಂದು ಮೂರು ವರ್ಷವಾದರೂ ಯಾರ ಮುಖವನ್ನೂ ನೆಟ್ಟಗೆ ನೋಡಿದವನಲ್ಲ. ತಲೆ ತಗ್ಗಿಸಿಯೇ ನೀರು ಕೊಡುತ್ತಿದ್ದ, ತಲೆ ತಗ್ಗಿಸಿಯೇ ಉತ್ತರ ಹೇಳುತ್ತಿದ್ದ.

ಒಮ್ಮೆ ಭಕ್ತರೊಬ್ಬರ ತಾಮ್ರದ ತಂಬಿಗೆ ಕಾಣೆಯಾಯಿತು.

"ನೀನೇನಾದರೂ ನೋಡಿದೆಯೇನಪ್ಪಾ?" ಎಂದು ಆ ಭಕ್ತರು ಮರುಳಸಿದ್ಧನನ್ನು ಕೇಳಿದರು.

ಮರುಳಸಿದ್ಧ ನೆಲ ನೋಡಿದ. ಕಿವಿ ಕೆಂಪಾದವು.

"ಕಳ್ಳನ ಮನಸ್ಸು ಹುಳ್ಳುಳ್ಳಗೆ," ಎಂದರು ಯಾರೋ.

ಸಂಜೆಗೆ ತಂಬಿಗೆ ಹೊಳೆಯ ಮೆಟ್ಟಿಲ ಮೇಲೇ ಸಿಕ್ಕಿತು. ಆಡಿದ ಮಾತು ಮಾತ್ರ ಅವನೊಳಗೇ ಉಳಿಯಿತು. ಮರುದಿನ ಬಟ್ಟೆಯ ಗಂಟು ಹಿಡಿದು ಗುರುಗಳ ಮುಂದೆ ನಿಂತ.

"ಹೊರಟೆಯಾ?"

"ಹೌದು ಗುರುಗಳೇ. ಜನರಿಲ್ಲದ ಯಾವುದಾದರೂ ಗುಡ್ಡಕ್ಕೆ."

"ಜನ ಏನು ಮಾಡಿದರು?"

"ಏನೂ ಇಲ್ಲ. ನೋಡುತ್ತಾರೆ, ಅಷ್ಟೇ. ಕಣ್ಣಿಗೆ ಕಣ್ಣು ಸೇರಿದರೆ ಸಾಕು, ಎದೆ ಡವಡವ ಅನ್ನುತ್ತದೆ, ಬಾಯಿ ಒಣಗುತ್ತದೆ. ನನ್ನೊಳಗಿನ ಕೊರತೆಯನ್ನೆಲ್ಲ ಓದಿಬಿಟ್ಟರು ಅನಿಸುತ್ತದೆ. ಧೈರ್ಯ ಮಾಡಿ ನೋಡಿದರೆ ಕಣ್ಣಲ್ಲಿ ನೀರೇ ಬರುತ್ತದೆ."

ಗುರುಗಳು ನಗಲಿಲ್ಲ, ಬೈಯಲೂ ಇಲ್ಲ.

"ಬಹಳ ದಿನದಿಂದ ಒಬ್ಬನೇ ಕಷ್ಟಪಟ್ಟಿದ್ದೀಯ," ಎಂದರು. "ಕೂತುಕೋ. ಮಜ್ಜಿಗೆ ಕುಡಿದು ಹೋಗು."

ಅವನು ಕುಡಿದು ಲೋಟ ಇಡುವಷ್ಟರಲ್ಲಿ, ಪಕ್ಕದ ಕಣದಿಂದ ಹೆಂಗಸೊಬ್ಬಳು ಸೆರಗಿನಲ್ಲಿ ಕಣ್ಣು ಮುಚ್ಚಿಕೊಂಡು ಓಡಿಬಂದಳು. ರಾಗಿ ತೂರುವಾಗ ಹೊಟ್ಟು ಕಣ್ಣಿಗೆ ಬಿದ್ದಿತ್ತು.

"ಅಯ್ಯಾ, ಉರಿ ತಡೆಯೋಕಾಗ್ತಿಲ್ಲ. ತೆಗೆದುಬಿಡಿ!"

ಮುಪ್ಪಿನಯ್ಯನವರು ಕೈ ಚಾಚಿದರು. ಎಂಬತ್ತು ದಾಟಿದ ಕೈ, ಗಡಗಡ ನಡುಗುತ್ತಿತ್ತು.

"ಮರುಳಸಿದ್ಧ, ನೀನು ತೆಗಿ."

"ನಾನೇ?"

"ಈ ಕೈ ನೋಡಿದೆಯಲ್ಲ."

ಬೇರೆ ದಾರಿಯಿರಲಿಲ್ಲ. ಕೈ ತೊಳೆದ. ಮಡಿಬಟ್ಟೆಯ ತುದಿ ಒದ್ದೆ ಮಾಡಿ, ಅವಳ ರೆಪ್ಪೆ ಬಿಡಿಸಿದ. ಬೆರಳು ನಡುಗಿತು.

ಆ ರೆಪ್ಪೆ ಅವನ ಬೆರಳಿಗಿಂತ ಹೆಚ್ಚು ನಡುಗುತ್ತಿತ್ತು.

"ಕಣ್ಣು ಹೋಗಿಬಿಡ್ತದಾ ಅಣ್ಣಾ?"

"ಏನೂ ಆಗಲ್ಲ ಅಕ್ಕಾ, ಹೆದರಬೇಡಿ. ನನ್ನನ್ನೇ ನೋಡ್ತಾ ಇರಿ."

ಮಾತು ಬಾಯಿಂದ ಬಂದುಬಿಟ್ಟಿತ್ತು. ಅವಳು ನೋಡಿದಳು. ಅವನೂ ನೋಡಿದ, ಕೆಂಪಗೆ ಊದಿದ ಆ ಕಣ್ಣನ್ನು, ಮೂಲೆಮೂಲೆಯನ್ನು. ಕೊನೆಗೆ ಕೆಳರೆಪ್ಪೆಯ ಒಳಗೆ ಅಂಟಿಕೊಂಡಿದ್ದ ಚೂರು ಬಟ್ಟೆಗೆ ಬಂತು.

"ನಿನ್ನ ಹೊಟ್ಟೆ ತಣ್ಣಗಿರಲಿ," ಎಂದು ಹರಸಿ ಅವಳು ಕಣಕ್ಕೆ ಮರಳಿದಳು.

ಮರುಳಸಿದ್ಧ ಬಟ್ಟೆ ಹಿಂಡಿ, ಬಂದು ಗುರುಗಳ ಪಕ್ಕ ಕೂತ.

"ಎದೆ ಹೇಗಿದೆ?" ಗುರುಗಳು ಕೇಳಿದರು.

"ಮೊದಲು ಹೊಡೆದುಕೊಳ್ಳುತ್ತಿತ್ತು. ಈಗಲೂ ಹೊಡೆದುಕೊಳ್ಳುತ್ತಿದೆ. ನಡುವೆ ಎಲ್ಲೋ ಅದರ ನೆನಪೇ ಇರಲಿಲ್ಲ."

ಬಟ್ಟೆಯ ಗಂಟಿನ ಮೇಲೆ ಕೈಯಿಟ್ಟು ಅವನೇ ಕೇಳಿದ: "ಇವತ್ತೇನೋ ಹೊಟ್ಟು ಬಿದ್ದಿತ್ತು, ಅದಕ್ಕೆ ನೋಡಿದೆ. ನಾಳೆ ಏನೂ ಬೀಳದ ಕಣ್ಣು ಎದುರಾದರೆ ಏನು ಮಾಡಲಿ, ಗುರುಗಳೇ?"

"ಏನೂ ಬೀಳದ ಕಣ್ಣೇ?" ಎಂದರು ಮುಪ್ಪಿನಯ್ಯನವರು. "ಇಷ್ಟು ವರ್ಷದಲ್ಲಿ ನಾನು ಒಂದನ್ನೂ ಕಂಡಿಲ್ಲ. ನಿನಗೆ ಸಿಕ್ಕರೆ ಬಂದು ಹೇಳು."