ಅರ್ಧ ಅಡಿ ಹೆಚ್ಚಿನ ಬಾಗಿಲು

“ಗುರುಗಳೇ, ನಂಬಿಕೆಯವರು ಕಳಿಸಿದ ಸಾಮಾನನ್ನು ಎಣಿಸಿ ಅಳೆದು ನೋಡುವುದು ಅವರಿಗೆ ಮಾಡುವ ಅವಮಾನವಲ್ಲವೇ?” ಎಂದು ಶಿಷ್ಯ ಕೇಳಿದ.

ಆ ದಿನ ಬೆಳಿಗ್ಗೆ ಮಠದ ಊಟದ ಮನೆಗೆ ಹಾಸಲು ಕಲ್ಲಿನ ಚಪ್ಪಡಿಗಳು ಬಂದಿದ್ದವು. ಇಳಿಸಿಕೊಳ್ಳುವ ಕೆಲಸ ಶಿಷ್ಯನದು. ಚಪ್ಪಡಿ ಮಾರುವವನು ಮಠದ ಭಕ್ತ. ಶಿಷ್ಯ ಒಂದನ್ನೂ ಎಣಿಸದೆ ಚೀಟಿಗೆ ಸಹಿ ಹಾಕಿ ಗಾಡಿ ಕಳಿಸಿದ್ದ.

“ನಾಲ್ಕು ಕಲ್ಲು ಕಡಿಮೆ ಬಂದಿದ್ದರೆ ಬರಲಿ. ಸಹಿಸಿಕೊಂಡರಾಯಿತು” ಎಂದೂ ಅವನು ಸೇರಿಸಿದ.

ಗುರುಗಳು ಅವನನ್ನು ಕೂರಲು ಹೇಳಿ ಈ ಕತೆ ಹೇಳಿದರು.

ಒಬ್ಬ ಗೃಹಿಣಿ ಮನೆ ಕಟ್ಟಿಸುತ್ತಿದ್ದಳು. ಆಕೆಯ ಬಳಿ ಒಂದು ನೋಟುಪುಸ್ತಕವಿತ್ತು. ಎಡಗಡೆಯ ಪುಟದಲ್ಲಿ ತಾನು ಹೇಳಿದ್ದು, ಬಲಗಡೆಯ ಪುಟದಲ್ಲಿ ಬಂದದ್ದು. ಇಟ್ಟಿಗೆ ಬಂದರೆ ಎರಡನ್ನು ಒಂದಕ್ಕೊಂದು ತಟ್ಟಿ ಸದ್ದು ಕೇಳುವಳು. ಮರಳು ಬಂದರೆ ಮುಷ್ಟಿಯಲ್ಲಿ ಹಿಂಡಿ, ಅಂಗೈಗೆ ಮಣ್ಣು ಮೆತ್ತಿದರೆ ಗಾಡಿಯನ್ನು ತಿರುಗಿಸಿ ಕಳಿಸುವಳು. ಅಳತೆಯ ಟೇಪು ಸದಾ ಸೊಂಟದಲ್ಲೇ ಇರುತ್ತಿದ್ದುದರಿಂದ ಕೆಲಸದವರು ಆಕೆಗೆ ಟೇಪಿನಮ್ಮ ಎಂದು ಹೆಸರಿಟ್ಟಿದ್ದರು.

ಒಮ್ಮೆ ಮೇಸ್ತ್ರಿ, “ಅಮ್ಮಾ, ಮಗನಿಗೆ ಹೆಣ್ಣು ನೋಡುವಾಗಲೂ ಜನ ಇಷ್ಟು ನೋಡೋದಿಲ್ಲ” ಎಂದ.

“ಹೆಣ್ಣಿಗೆ ಬಾಯಿದೆ ಮೇಸ್ತ್ರಿ, ಬೇಡವಾದರೆ ಬೇಡ ಅನ್ನುತ್ತಾಳೆ. ಇಟ್ಟಿಗೆ ಏನೂ ಹೇಳದೆ ಗೋಡೆಯೊಳಗೆ ಹೋಗಿ ಕೂತುಬಿಡುತ್ತದೆ” ಎಂದು ಆಕೆ ಎಣಿಕೆ ಮುಂದುವರಿಸಿದಳು.

ತಲೆಬಾಗಿಲು ನಿಲ್ಲಿಸುವ ದಿನ ಬಂತು. ಬೆಳಿಗ್ಗೆ ಹತ್ತೂವರೆಗೆ ಮುಹೂರ್ತ. ಅದು ತಪ್ಪಿದರೆ ಮುಂದೆ ಆಷಾಢ. ಒಂದು ತಿಂಗಳು ಬಾಗಿಲು ಇಡುವಂತಿಲ್ಲ. ಒಂಬತ್ತು ಗಂಟೆಗೆ ಮರದ ವ್ಯಾಪಾರಿಯ ಟೆಂಪೊ ಬಂತು. ಆ ವ್ಯಾಪಾರಿಗೆ ಒಂದು ಪದ್ಧತಿ ಇತ್ತು. ತಲೆಬಾಗಿಲಿನ ಚೌಕಟ್ಟಿಗೆ ತಾನೇ ಅರಿಶಿನ ಕುಂಕುಮ ಹಚ್ಚಿ, ಹೊಸ ಬಟ್ಟೆ ಹೊದಿಸಿ ಕಳಿಸುತ್ತಿದ್ದ. ಕುಂಕುಮವಿಟ್ಟ ಬಾಗಿಲಿಗೆ ಆ ಊರಿನಲ್ಲಿ ಯಾರೂ ಟೇಪು ಹಿಡಿಯುತ್ತಿರಲಿಲ್ಲ. ಹಿಡಿದರೆ ಮನೆಯ ಭಾಗ್ಯವನ್ನು ಅಳೆದಂತೆ ಎಂದು ನಂಬಿದ್ದರು.

ಗೃಹಿಣಿ ಚೌಕಟ್ಟಿಗೆ ಕೈಮುಗಿದಳು. ಆಮೇಲೆ ಸೊಂಟದಿಂದ ಟೇಪು ತೆಗೆದಳು.

“ಇದನ್ನೂ ಬಿಡಲಿಲ್ಲವಲ್ಲೇ ನೀನು!” ಎಂದು ಆಕೆಯ ಓರಗಿತ್ತಿ ಹಣೆ ಚಚ್ಚಿಕೊಂಡಳು.

ಆಕೆ ಹೇಳಿದ್ದ ಒಳಗಳತೆ ಮೂರು ಅಡಿ. ಬಂದದ್ದು ಮೂರೂವರೆ.

“ಹೆಚ್ಚು ತಾನೇ ಬಂದಿರೋದು, ಕಡಿಮೆ ಅಲ್ಲವಲ್ಲ! ಗೋಡೆ ಇನ್ನೂ ಎದ್ದಿಲ್ಲ, ಅರ್ಧ ಅಡಿ ಸರಿಸಿ ಕಟ್ಟಿದರಾಯಿತು. ಲಕ್ಷ್ಮಿ ಅಗಲವಾಗಿ ಬರಲಿ ಬಿಡಿ” ಎಂದ ಮೇಸ್ತ್ರಿ. ಪುರೋಹಿತರೂ ತಲೆಯಾಡಿಸಿದರು. ಬಂದ ನೆಂಟರೆಲ್ಲ ಅದನ್ನೇ ಅಂದರು.

ಗೃಹಿಣಿ ಬಲಗಡೆಯ ಪುಟದಲ್ಲಿ ಬರೆದಳು: ಅರ್ಧ ಅಡಿ ಹೆಚ್ಚು, ವಾಪಸು. ಚೌಕಟ್ಟನ್ನು ಮತ್ತೆ ಟೆಂಪೊಗೆ ಏರಿಸಿ, ತಾನೂ ಹತ್ತಿ ಕುಳಿತಳು.

ಅಂಗಡಿಗೆ ಬಂದಿಳಿದ ಆಕೆಯನ್ನು ಕಂಡು ವ್ಯಾಪಾರಿಗೆ ಸಿಟ್ಟು ಬಂತು. “ಕಡಿಮೆ ಬಂತು ಅಂತ ಜಗಳಕ್ಕೆ ಬಂದವರನ್ನು ನೋಡಿದ್ದೇನೆ ತಾಯಿ. ಹೆಚ್ಚು ಬಂತು ಅಂತ ಬಂದವರು ನೀವೇ ಮೊದಲು. ಇಟ್ಟುಕೊಂಡು ಹೋಗಿ, ಮುಹೂರ್ತ ಮೀರುತ್ತೆ.”

“ಮೂರೂವರೆ ಅಡಿ ನಾನು ಕೇಳಿಲ್ಲ ಸಾಹುಕಾರ್ರೇ. ಯಾರೋ ಕೇಳಿರಬೇಕು. ನಿಮ್ಮ ಪುಸ್ತಕ ತೆಗೀರಿ.”

ವ್ಯಾಪಾರಿ ಪುಸ್ತಕ ತೆಗೆದ. ನೋಡುತ್ತ ನೋಡುತ್ತ ಅವನ ಮುಖ ಬಾಡಿತು. ಆರು ಮೈಲಿ ಆಚೆಯ ಊರಿನ ಒಬ್ಬ ನೇಕಾರ ಮೂರೂವರೆ ಅಡಿ ಎಂದು ಬರೆಸಿದ್ದ. ಅವನ ಹೆಂಡತಿಗೆ ಸೊಂಟದ ಕೆಳಗೆ ಸ್ವಾಧೀನವಿಲ್ಲ. ನೇಕಾರ ಆಕೆಯ ಮಂಚಕ್ಕೆ ಗಾಲಿ ಹಾಕಿಸಿದ್ದ. ಆದರೆ ಹಳೆಯ ಮನೆಯ ಬಾಗಿಲಲ್ಲಿ ಮಂಚ ಹಿಡಿಸದೆ, ಆಕೆ ಆರು ವರ್ಷ ಒಳಗೇ ಉಳಿದಿದ್ದಳು. ಮಂಚ ಬಾಗಿಲು ದಾಟಲಿ ಎಂದೇ ಅವನು ಹೊಸ ಮನೆ ಕಟ್ಟಿಸುತ್ತಿದ್ದ. ಅವನ ಮುಹೂರ್ತವೂ ಅದೇ ದಿನ, ಹನ್ನೆರಡಕ್ಕೆ.

ವ್ಯಾಪಾರಿ ತಾನೂ ಟೆಂಪೊ ಹತ್ತಿದ.

ಅವರು ತಲುಪಿದಾಗ ಹನ್ನೊಂದೂ ಮುಕ್ಕಾಲು. ಗಾರೆ ಕಲಸಿ ಇಟ್ಟಿದ್ದರು. ಗೃಹಿಣಿಯ ಮೂರು ಅಡಿಯ ಚೌಕಟ್ಟು ಹೊಸ ಬಟ್ಟೆ ಹೊದ್ದು ನಿಲ್ಲಲು ಸಿದ್ಧವಾಗಿತ್ತು. ಕುಂಕುಮ ಕಂಡ ನೇಕಾರ ಅದಕ್ಕೆ ಟೇಪು ಹಿಡಿದಿರಲಿಲ್ಲ. ನಾಲ್ಕು ಜನ ಎತ್ತಿ ತಂದಿದ್ದ ಹೆಂಡತಿ ಬೇವಿನ ಮರದ ನೆರಳಲ್ಲಿ, ಓರೆ ಮಾಡಿ ಹೊರತಂದಿದ್ದ ತನ್ನ ಮಂಚದ ಮೇಲೆ ಕುಳಿತು ನೋಡುತ್ತಿದ್ದಳು.

ಗೃಹಿಣಿ ಮೊದಲು ಮಂಚವನ್ನು ಅಳೆದಳು. ಆಮೇಲೆ ಚೌಕಟ್ಟನ್ನು ಅಳೆದಳು. ಮಂಚವೇ ಎರಡು ಬೆರಳು ಹೆಚ್ಚಿತ್ತು.

ನೇಕಾರ ಅಲ್ಲೇ ನೆಲದ ಮೇಲೆ ಕುಕ್ಕರಿಸಿದ. ಅವನ ಹೆಂಡತಿ ಮಾತ್ರ ನಕ್ಕುಬಿಟ್ಟಳು. “ಬಾಗಿಲಲ್ಲಿ ನಾನು ಸಿಕ್ಕಿಕೊಂಡಿದ್ದರೆ ಲಕ್ಷ್ಮಿ ನನ್ನನ್ನು ದಾಟಿಕೊಂಡು ಬರಬೇಕಾಗ್ತಿತ್ತು ಅಕ್ಕಾ!”

ಸರಿಯಾದ ಚೌಕಟ್ಟು ಹನ್ನೆರಡಕ್ಕೆ ಸರಿಯಾಗಿ ನಿಂತಿತು. ಗೃಹಿಣಿಯ ಮುಹೂರ್ತ ಆಗಲೇ ಮೀರಿತ್ತು. ಆಕೆಯ ಚೌಕಟ್ಟು ಆಷಾಢವೆಲ್ಲ ಚಪ್ಪರದಡಿ ಮಲಗಿತ್ತು. ಓರಗಿತ್ತಿ ದಿನಕ್ಕೊಮ್ಮೆ ಬಂದು ಅದನ್ನು ನೋಡಿ ನಿಟ್ಟುಸಿರು ಬಿಟ್ಟು ಹೋಗುತ್ತಿದ್ದಳು. ಮರದ ವ್ಯಾಪಾರಿ ಮಾತ್ರ ಅಂದಿನಿಂದ ಕೊಳ್ಳುವವರ ಎದುರಿಗೇ ಅಳೆದು, ಆಮೇಲೆ ಕುಂಕುಮ ಹಚ್ಚುತ್ತಿದ್ದ.

ಶ್ರಾವಣದಲ್ಲಿ ಗೃಹಿಣಿಯ ಬಾಗಿಲು ನಿಂತಿತು. ಆ ದಿನ ನೇಕಾರ ಒಂದು ಗಾಡಿಯಲ್ಲಿ ಮಂಚದ ಸಮೇತ ಹೆಂಡತಿಯನ್ನು ಕರೆತಂದ. ಆಕೆಯ ಮಡಿಲಲ್ಲಿ ಗಂಡ ನೇಯ್ದ ಸೀರೆಯಿತ್ತು.

ಗೃಹಿಣಿ ಎರಡೂ ಕೈಯಲ್ಲಿ ಸೀರೆ ತೆಗೆದುಕೊಂಡಳು.

“ಅಳೆದು ನೋಡಿ ಅಕ್ಕಾ. ಹೆಚ್ಚಿದ್ದರೆ ವಾಪಸು ಕೊಡಿ” ಎಂದಳು ನೇಕಾರನ ಹೆಂಡತಿ.

ಎಲ್ಲರಿಗಿಂತ ಜೋರಾಗಿ ನಕ್ಕವಳು ಓರಗಿತ್ತಿ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನೂ ನಗುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ, “ಆದರೂ ಗುರುಗಳೇ, ಕಡಿಮೆ ಬಂದದ್ದನ್ನು ಸಹಿಸಿಕೊಳ್ಳುವುದು ದೊಡ್ಡ ಗುಣವಲ್ಲವೇ?” ಎಂದ.

ಗುರುಗಳು ಅಂಗಳದಲ್ಲಿ ಪೇರಿಸಿದ್ದ ಚಪ್ಪಡಿಗಳ ಕಡೆ ನೋಡಿದರು.

“ಕಡಿಮೆ ಬಂದಿದ್ದರೆ ನೀನು ಸಹಿಸಿಕೊಳ್ಳುತ್ತೀಯೆ, ಹೆಚ್ಚು ಬಂದಿದ್ದರೆ ಈಗ ಯಾರು ಸಹಿಸಿಕೊಳ್ಳುತ್ತಿದ್ದಾರೆ?”

ಶಿಷ್ಯ ಎದ್ದು ಚಪ್ಪಡಿಗಳನ್ನು ಎಣಿಸಲು ಅಂಗಳಕ್ಕೆ ಇಳಿದ.