ಅಳು ನಿಲ್ಲಿಸಿದ ಮಣಿಸರ

"ಗುರುಗಳೇ, ಒಂದು ನಂಬಿಕೆ ಸುಳ್ಳೆಂದು ನನಗೆ ತಿಳಿದಿದೆ. ಆದರೆ ನಂಬಿದವರಿಗೆ ಅದರಿಂದ ಧೈರ್ಯ ಬರುತ್ತದೆ. ಅದನ್ನು ಬಿಡಿಸಬೇಕೇ, ಇರಲಿ ಎಂದು ಸುಮ್ಮನಿರಬೇಕೇ?"

ಶಿಷ್ಯ ಹೀಗೆ ಕೇಳಿದಾಗ ಗುರುಗಳು, "ಯಾರ ನಂಬಿಕೆ?" ಎಂದರು.

"ನನ್ನ ಅಕ್ಕನದು. ಅವಳ ಮಗುವಿಗೆ ಹಲ್ಲು ಬರುತ್ತಿದೆ. ಒಸಡು ಊದಿಕೊಂಡು ಹಗಲೂ ಇರುಳೂ ಅಳುತ್ತದೆ. ಯಾರೋ ಹೇಳಿದರೆಂದು ತೃಣಮಣಿಯ ಸರ ತರಿಸಿ ಮಗುವಿನ ಕೊರಳಿಗೆ ಕಟ್ಟಿದ್ದಾಳೆ. ಆ ಮಣಿ ಮೈಗೆ ತಾಗಿದರೆ ನೋವು ಇಳಿಯುತ್ತದಂತೆ. ಅದು ಬಲು ಹಿಂದಿನ ಮರದ ಅಂಟು, ಗಟ್ಟಿಯಾಗಿ ಮಣಿಯಾಗಿದೆ, ಅಷ್ಟೆ. ಅದಕ್ಕೂ ಒಸಡಿಗೂ ಸಂಬಂಧವಿಲ್ಲ. ಇದನ್ನು ಹೇಳಬೇಕೆಂದೇ ಈಗ ಅವಳ ಮನೆಗೆ ಹೋಗಿದ್ದೆ. ಹೇಳದೆ ಬಂದೆ. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ನೆಮ್ಮದಿ ಕಂಡಿತು."

"ಕುಳಿತುಕೋ" ಎಂದು ಗುರುಗಳು ಈ ಕತೆ ಹೇಳಿದರು.

ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಪರೀಕ್ಷಿಸದೆ ಯಾವುದನ್ನೂ ಒಪ್ಪುವವನಲ್ಲ. ಬೆಲ್ಲ ಬಂದರೆ ಮೊದಲು ಮುರಿದು ನೋಡುತ್ತಿದ್ದ. ಆಮೇಲೆ ಒಂದು ಚೂರನ್ನು ನೀರಿನಲ್ಲಿ ಕರಗಿಸಿ ತಳದಲ್ಲಿ ಏನು ನಿಂತಿತೆಂದು ನೋಡುತ್ತಿದ್ದ. ಬೆಲೆಯ ಮಾತು ಅದಾದ ಮೇಲೆಯೇ. ಮನೆಯಲ್ಲಿ ಅವನ ತಾಯಿ, ಹೆಂಡತಿ, ವರ್ಷ ತುಂಬದ ಒಂದು ಮಗು.

ಮಗುವಿಗೆ ಹಲ್ಲು ಮೂಡುವ ಕಾಲ ಬಂತು. ಜೊಲ್ಲು ಸುರಿಯಿತು, ಅಳು ಹತ್ತಿತು. ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ. ಅದೇ ಸಮಯಕ್ಕೆ ಮಣಿ ಮಾರುವವನೊಬ್ಬ ಬಂದು ಜಗಲಿಯ ಮೇಲೆ ಗಂಟು ಬಿಚ್ಚಿದ. ಜೇನಿನ ಬಣ್ಣದ ಒಂದು ಪುಟ್ಟ ಸರವನ್ನು ಎತ್ತಿ ತೋರಿಸಿ, ಇದು ತೃಣಮಣಿ, ಹಲ್ಲು ಬರುವ ಮಕ್ಕಳಿಗೆ ಕಟ್ಟುತ್ತಾರೆ ಎಂದ.

ವ್ಯಾಪಾರಿ ಒಂದು ಮಣಿಯನ್ನು ಪಂಚೆಗೆ ಉಜ್ಜಿ ನೆಲದ ಮೇಲಿನ ಒಣಹುಲ್ಲಿನ ಹತ್ತಿರ ಹಿಡಿದ. ಹುಲ್ಲಿನ ಎಸಳು ಎದ್ದು ಮಣಿಗೆ ಅಂಟಿಕೊಂಡಿತು.

"ಹುಲ್ಲು ಎತ್ತಿತು. ಸರಿ. ನೋವನ್ನೂ ಎತ್ತುತ್ತದೆಯೇನು?"

"ಹುಲ್ಲಿನ ಮಾತು ನನ್ನದು ಸ್ವಾಮಿ. ನೋವಿನ ಮಾತು ಜನರದು" ಎಂದ ಮಾರುವವನು. "ಒಂದನ್ನು ಮಾತ್ರ ನಾನು ಹೇಳಿಯೇ ಕೊಡುತ್ತೇನೆ. ದಾರ ಹರಿದರೆ ಮಣಿ ಮಗುವಿನ ಗಂಟಲಿಗೆ ಹೋಗುತ್ತದೆ. ಅದಕ್ಕೆ ರೇಷ್ಮೆ ದಾರ ಹಾಕಿದ್ದೇನೆ, ಹರಿಯುವುದಿಲ್ಲ. ಹರಿಯದ ದಾರ ಎಲ್ಲಾದರೂ ಸಿಕ್ಕಿಕೊಂಡರೆ ಕೊರಳನ್ನು ಬಿಗಿಯುತ್ತದೆ. ಆದ್ದರಿಂದ ಮಗು ಯಾರದಾದರೂ ಕೈಯಲ್ಲಿದ್ದಾಗ ಮಾತ್ರ ಸರ ಕೊರಳಲ್ಲಿರಲಿ. ಕೆಳಗೆ ಬಿಟ್ಟಿರೋ, ಬಿಚ್ಚಿಬಿಡಿ."

"ಹರಿದರೂ ಕೇಡು, ಹರಿಯದಿದ್ದರೂ ಕೇಡು. ಒಳ್ಳೆಯ ಒಡವೆ ಮಾರುತ್ತೀಯ" ಎಂದು ವ್ಯಾಪಾರಿ ನಕ್ಕ.

ವ್ಯಾಪಾರಿಯ ತಾಯಿಗೆ ಸಿಟ್ಟು ಬಂತು. "ಕಟ್ಟಿದರೆ ನಿನ್ನ ಗಂಟೇನು ಹೋಗುತ್ತದೆ? ಅಳುವುದು ನಿನ್ನ ಬೆಲ್ಲವಲ್ಲ, ನನ್ನ ಮೊಮ್ಮಗ" ಎಂದು ಸರವನ್ನು ತೆಗೆದುಕೊಂಡಳು.

ಮಗುವಿಗೆ ಸರ ಕಟ್ಟಿದರು. ಮಾರಿದವನ ಮಾತಿನಂತೆ ಮಗು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಯಿತು. ಅಜ್ಜಿ ಎತ್ತಿಕೊಂಡು ಅಂಗಳದಲ್ಲಿ ತಿರುಗಿದಳು. ಮಗುವಿನ ತಾಯಿ ತೊಡೆಯ ಮೇಲೆ ಹಾಕಿಕೊಂಡು ತಟ್ಟಿದಳು. ಮಗುವಿನ ಅಳು ಕಡಿಮೆಯಾಯಿತು. ಅಜ್ಜಿ ನೆರೆಯವರಿಗೆಲ್ಲ ಮಣಿಯ ಗುಣ ಹೇಳಿದಳು.

ವ್ಯಾಪಾರಿ ಇದನ್ನು ಗಮನಿಸಿದ. ಸರ ಬಿಚ್ಚಿದ್ದಾಗಲೂ ಎತ್ತಿಕೊಂಡರೆ ಮಗು ಸುಮ್ಮನಾಗುತ್ತಿತ್ತು. ಸರ ಕಟ್ಟಿದ್ದಾಗಲೂ ಕೆಳಗಿಳಿಸಲು ಹೋದರೆ ರಾಗ ಎಳೆಯುತ್ತಿತ್ತು. ಅಳು ತಗ್ಗಿದ್ದು ಮಣಿಯಿಂದಲ್ಲ, ಮಡಿಲಿನಿಂದ ಎಂದು ಅವನಿಗೆ ಸ್ಪಷ್ಟವಾಯಿತು. ಆದರೆ ಬಾಯಿಬಿಡಲಿಲ್ಲ. ಅಮ್ಮ ಸಂತೋಷವಾಗಿದ್ದಾಳೆ, ಇದರಿಂದ ಯಾರಿಗೇನು ಎಂದುಕೊಂಡ.

ದಿನ ಕಳೆದಂತೆ ಮಣಿಯ ಗುಣ ಎಲ್ಲರಿಗೂ ನೆನಪುಳಿಯಿತು. ಮಾರಿದವನ ಮಾತು ಹಿಂದಕ್ಕೆ ಸರಿಯಿತು.

ಒಂದು ಬೆಳಿಗ್ಗೆ ಬೆಲ್ಲದ ಬಂಡಿಗಳು ಬಂದವು. ಮನೆಯೆಲ್ಲ ಕೆಲಸದಲ್ಲಿ ಬಿದ್ದಿತು. ಅಜ್ಜಿ ಮಗುವನ್ನು ತೊಟ್ಟಿಲಿಗೆ ಹಾಕಿದಳು. ಸರ ಬಿಚ್ಚಲಿಲ್ಲ. ಯಾರ ಕೈಗೂ ಬಿಡುವಿಲ್ಲದ ಹೊತ್ತಿನಲ್ಲಿ ಮಣಿಯಾದರೂ ಇರಲಿ ಎಂದುಕೊಂಡಳು.

ತೊಟ್ಟಿಲ ಅಂಚು ಹಿಡಿದು ಮೇಲೇಳುವುದನ್ನು ಮಗು ಹೊಸದಾಗಿ ಕಲಿತಿತ್ತು. ತಲೆಯ ಕಡೆ, ಆಟಿಕೆ ತೂಗುಹಾಕಲು ಒಂದು ಮರದ ಗೂಟವಿತ್ತು.

ಮಗು ಅತ್ತಿತು. ಬಂಡಿಯವರ ಗದ್ದಲದ ನಡುವೆಯೂ ಆ ಅಳು ಅಡುಗೆಮನೆಗೂ ಜಗಲಿಗೂ ಕೇಳುತ್ತಿತ್ತು. ಆಮೇಲೆ ಕೇಳಲಿಲ್ಲ.

"ನೋಡಿದೆಯಾ? ಮಣಿ ತನ್ನ ಕೆಲಸ ಮಾಡಿತು" ಎಂದಳು ಅಜ್ಜಿ.

ತಕ್ಕಡಿಯ ಮುಂದೆ ಕುಳಿತಿದ್ದ ವ್ಯಾಪಾರಿ ತಲೆ ಎತ್ತದೆ "ಹೂಂ" ಎಂದ.

ಅಡುಗೆಮನೆಯಿಂದ ಸೊಸೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. ಅಜ್ಜಿ ತಡೆದಳು. "ಎಲ್ಲಿಗೆ ಹೊರಟೆ? ಈಗಷ್ಟೇ ಸುಮ್ಮನಾಗಿದೆ. ಹೋಗಿ ಎಬ್ಬಿಸಬೇಡ."

"ಸುಮ್ಮನಾಗುವ ಮಗು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಗುತ್ತದೆ ಅತ್ತೆ. ಇದು ಕತ್ತರಿಸಿದ ಹಾಗೆ ನಿಂತಿತು" ಎಂದು ಸೊಸೆ ಓಡಿದಳು.

ಸರ ಗೂಟಕ್ಕೆ ಸಿಕ್ಕಿತ್ತು. ಮಗು ಕಾಲು ಜಾರಿ ಅದರಲ್ಲಿ ತೂಗುತ್ತಿತ್ತು. ತುಟಿ ನೀಲಿಗಟ್ಟಿತ್ತು. ದಾರ ಎಳೆದರೆ ಹರಿಯದೆಂದು ಅವಳಿಗೆ ಗೊತ್ತಿತ್ತು. ಮಗುವನ್ನೇ ಮೇಲಕ್ಕೆತ್ತಿ ದಾರ ಸಡಿಲಿಸಿದಳು, ಗೂಟದಿಂದ ಬಿಡಿಸಿದಳು. ಮಗು ಒಂದು ಸಲ ಉಸಿರೆಳೆಯಿತು. ಮತ್ತೆ ಎಳೆಯಿತು. ಆಮೇಲೆ ಬೀದಿಗೆ ಕೇಳುವಂತೆ ಕಿರುಚಿ ಅತ್ತಿತು. ಮನೆಯವರೂ ಬಂಡಿಯವರೂ ಆ ಅಳುವನ್ನು ಕೇಳುತ್ತ ನಿಂತರು. ಅದನ್ನು ನಿಲ್ಲಿಸಲು ಯಾರೂ ಮುಂದೆ ಬರಲಿಲ್ಲ.

ಸರವನ್ನು ಮತ್ತೆ ಕಟ್ಟಲಿಲ್ಲ. ಮಗು ಅಳುವಾಗ ಅಜ್ಜಿಯೇ ಬೆರಳು ತೊಳೆದುಕೊಂಡು ಒಸಡನ್ನು ಮೆಲ್ಲಗೆ ಒತ್ತುತ್ತಿದ್ದಳು. ಶುಭ್ರವಾದ ಬಟ್ಟೆಯನ್ನು ತಣ್ಣೀರಿನಲ್ಲಿ ಅದ್ದಿ ಹಿಂಡಿ, ತುದಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕಚ್ಚಲು ಕೊಡುತ್ತಿದ್ದಳು. ಮಗು ಸ್ವಲ್ಪ ಅತ್ತಿತು, ಸ್ವಲ್ಪ ನಿದ್ದೆ ಮಾಡಿತು. ಹಲ್ಲು ತಾನು ಬರುವ ಹೊತ್ತಿಗೆ ಬಂತು.

ಆದರೆ ಆ ದಿನ ಬಂಡಿಗಳು ಹೋದ ಮೇಲೆ ಹೆಂಡತಿ ವ್ಯಾಪಾರಿಯನ್ನು ಒಂದು ಮಾತು ಕೇಳಿದಳು. "ಅತ್ತೆ ಮಣಿಯನ್ನು ನಂಬಿದ್ದರು, ಅದಕ್ಕೆ ಅವರು ಏಳಲಿಲ್ಲ. ನೀವು ನಂಬಿರಲಿಲ್ಲ. ನೀವು ಯಾಕೆ ಏಳಲಿಲ್ಲ?"

ವ್ಯಾಪಾರಿ ತಕ್ಕಡಿಯನ್ನು ಎತ್ತಿಟ್ಟ. "ಅಳು ನಿಂತಿತಲ್ಲ ಎಂದುಕೊಂಡೆ" ಎಂದ.

ಗುರುಗಳು ಕತೆ ಮುಗಿಸಿದರು. "ಸುಳ್ಳೆಂದು ತಿಳಿದವನು ಬಾಯಿ ಮುಚ್ಚಿಕೊಂಡರೆ, ಕ್ರಮೇಣ ಅವನ ಕಿವಿಯೂ ಮುಚ್ಚಿಕೊಳ್ಳುತ್ತದೆ" ಎಂದರು.

ಶಿಷ್ಯ ತಲೆಯಾಡಿಸಿದ. "ಅರ್ಥವಾಯಿತು ಗುರುಗಳೇ. ಅಕ್ಕನಿಗೆ ಹೇಳುತ್ತೇನೆ. ಅವಳ ಮನಸ್ಸು ನೋಯದ ಹಾಗೆ ಹೇಳಬೇಕು. ಮೊದಲು ಹುಲ್ಲಿನ ಮಾತಿನಿಂದ ಆರಂಭಿಸಲೇ, ಅಥವಾ ಕತೆಯಿಂದಲೇ ಆರಂಭಿಸುವುದು ಮೇಲೋ? ತಾವು ಏನು ಹೇಳುತ್ತೀರಿ?"

ಗುರುಗಳು ಹೇಳಿದರು: "ನಾವು ಹೀಗೆ ಮಾತಾಡುತ್ತ ಕುಳಿತ ಇಷ್ಟು ಹೊತ್ತು, ಕೊರಳಲ್ಲಿ ಸರವಿಟ್ಟುಕೊಂಡು ನಿನ್ನ ಅಕ್ಕನ ಮಗು ಎಲ್ಲಿ ಮಲಗಿತ್ತು?"