ಮರಿಜೋಗಿಯ ಬೂಟು ಗದ್ದೆಗೆ ಹೋದದ್ದು

ಕೇಳುವವರಿಗೆ ನಗು ಬರುತ್ತೆ, ಬರಲಿ. ಹೆತ್ತವಳಿಗೆ ಮಾತ್ರ ಅಳು ತರಿಸಿದ ಕತೆ ಇದು. ನಾಲೆಬದಿಯ ಒಂದೂರಲ್ಲಿ ಹೊಂಬಾಳಮ್ಮ ಅಂತ ಒಬ್ಬಳು. ಅವಳಿಗೊಬ್ಬ ಮಗ ಮರಿಜೋಗಿ. ನೋಡೋಕೆ ಆನೆಯಂಥ ಆಳು, ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಭೂಪ. ಅದೇ ಗ್ರಹಚಾರ!

ಕೆಸರಲ್ಲಿ ನಿಂತೂ ನಿಂತೂ ಆ ವರ್ಷ ಹೊಂಬಾಳಮ್ಮನ ಕಾಲ್ಬೆರಳ ಸಂದಿಯೆಲ್ಲ ಹುಣ್ಣು. ಗದ್ದೆಗಿಳಿಯುವಂತಿಲ್ಲ. ಇತ್ತ ಭತ್ತದ ಸಸಿ ಬಲಿಯುತ್ತಿದೆ, ಶುಕ್ರವಾರ ನಾಲೆ ನೀರಿನ ಸರದಿ. ಅವತ್ತು ನೀರು ತಿರುಗಿಸದಿದ್ದರೆ ನಾಟಿಯಿಲ್ಲ, ನಾಟಿಯಿಲ್ಲದಿದ್ದರೆ ವರ್ಷದ ಅನ್ನವಿಲ್ಲ. ಇರುವವನು ಮರಿಜೋಗಿ ಒಬ್ಬನೇ! ಅವನ ಕಾಲಾದರೂ ನೆಟ್ಟಗಿರಲಿ ಅಂತ ಊಟಿ ಕಡೆ ತೋಟದಲ್ಲಿದ್ದ ಅವಳ ತಮ್ಮ ಒಂದು ಜೊತೆ ರಬ್ಬರ್ ಬೂಟು ಕಳಿಸಿದ. ಮೊಣಕಾಲುದ್ದ, ಒಳಗೆ ಬೆಚ್ಚನೆ ಉಣ್ಣೆ, ತೊಟ್ಟು ನೀರೂ ಒಳಕ್ಕೆ ಇಳಿಯದು.

"ಬೂಟು ತಕೊಂಡು ಹೋಗಿ ಬದು ಕಟ್ಟು, ಮಗ."

ಹೋದ. ಸಂಜೆ ಬಂದ. ಬೂಟು ಪಳಪಳ, ಕಾಲು ಮಂಡಿವರೆಗೂ ಕೆಸರು!

"ಯಾಕ್ಲಾ?"

"ಮೆಟ್ಟು ಮೆಟ್ಕೊಂಡು ಭೂತಾಯಿನ ತುಳೀಬ್ಯಾಡ ಅಂತ ನೀನೇ ಹೇಳಿಲ್ವಾ? ಬದು ಮೇಲೆ ಬಿಟ್ಟು ಇಳಿದೆ ಕಣವ್ವ."

"ಅಯ್ಯೋ ಪೆದ್ದೇ! ಕೆಸರು ಕಂಡ್ರೆ ಬೂಟು ಹಾಕ್ಕೊಂಡೇ ಇಳೀಬೇಕು ಕಣೋ!"

"ಹೂಂ ಕಣವ್ವ."

ಮಾರನೇ ದಿನ ಹೊಂಬಾಳಮ್ಮ ಕುಂಟುತ್ತಲೇ ಮನೆ ಸಾರಿಸಿ, ರಂಗೋಲಿ ಬಿಟ್ಟು, ಸೊಂಟ ನೆಟ್ಟಗೆ ಮಾಡಿದಳು. ಮರಿಜೋಗಿ ಬಂದ. ಹಸಿ ಸಗಣಿ ಕಂಡ. ಬೂಟು ಏರಿಸಿದ. ಧಡಧಡ ಇಳಿದ!

"ಹಾಳಾದೋನೇ! ಬಾಗಿಲಿಗೆ ಬಂದ ತಕ್ಷಣ ಕಾಲಲ್ಲಿ ಕೈಲಿ ಇರೋದನ್ನೆಲ್ಲ ತೊಳೆದು ಬೋರಲು ಹಾಕಿ ಒಳಕ್ಕೆ ಬರಬೇಕು ಕಣೋ!"

"ಹೂಂ ಕಣವ್ವ."

ಗುರುವಾರ ಮಗನನ್ನು ನಾಟಿ ಮದ್ದು ಕೊಡುವ ಪಂಡಿತರ ಮನೆಗೆ ಅಟ್ಟಿದಳು. ಹುಣ್ಣಿಗೆ ಎಣ್ಣೆ ಬಂದರೆ, ಕಾಲು ಕೊಂಚ ವಾಸಿಯಾದರೆ, ನಾಳೆ ತಾನೇ ಗದ್ದೆಗೆ ಹೋಗಬಹುದಲ್ಲ ಅಂತ ಆಸೆ. ಮರಿಜೋಗಿ ಕುಡಿಕೆ ತುಂಬ ಎಣ್ಣೆ ಹಿಡಿದು ಜೋಪಾನವಾಗಿ ಬಾಗಿಲವರೆಗೂ ಬಂದ. ಕುಡಿಕೆ ತೊಳೆದ. ಬೋರಲು ಹಾಕಿದ. ಒಳಕ್ಕೆ ಬಂದ!

ಹೊಂಬಾಳಮ್ಮ ತಲೆ ತಲೆ ಚಚ್ಚಿಕೊಂಡಳು. "ಆ ಬೂಟಿಗಿರೋ ಬುದ್ಧಿನೂ ನಿಂಗಿಲ್ವಲ್ಲೋ! ನಾಳೆ ನೀನ್ಯಾಕೆ ಹೋಗ್ತೀಯ, ಬೂಟನ್ನೇ ಕಳಿಸು! ನಿನಗಿಂತ ವಾಸಿ ದುಡೀತದೆ!"

"ಹೂಂ ಕಣವ್ವ" ಅಂದ. ಅವನ ಮುಖದಲ್ಲಿ ಎಂಥಾ ನೆಮ್ಮದಿ!

ಶುಕ್ರವಾರ ಬುತ್ತಿ, ಗುದ್ದಲಿ, ಬೂಟು ಹೊತ್ತು ಹೊರಟ. ಮಧ್ಯಾಹ್ನವಾಯಿತು, ಹೊತ್ತು ಇಳಿಯಿತು, ಸುಳಿವಿಲ್ಲ. ಹೊಂಬಾಳಮ್ಮನ ಜೀವ ತಡೆಯಲಿಲ್ಲ. ಕಾಲಿಗೆ ಬಟ್ಟೆ ಸುತ್ತಿ, ಕೋಲೂರಿ, ನರಳುತ್ತ ಗದ್ದೆ ಸೇರಿದಳು. ನೋಡುತ್ತಾಳೆ: ನಾಲೆ ನೀರೆಲ್ಲ ಪಕ್ಕದವರ ಗದ್ದೆಗೆ ಹರಿದಿದೆ. ಸರದಿ ಮುಗಿದು ತೂಬು ಮುಚ್ಚಿದೆ. ಇವರ ಗದ್ದೆಯಲ್ಲಿ ಇದ್ದ ಕೆಸರೂ ಆರತೊಡಗಿದೆ. ನಟ್ಟನಡುವೆ ಎರಡು ಬೂಟು ನಿಂತಿವೆ, ಗುದ್ದಲಿ ಅವಕ್ಕೊರಗಿದೆ. ಮರಿಜೋಗಿ ಹೊಂಗೆ ನೆರಳಲ್ಲಿ ಕಾಲು ಚಾಚಿದ್ದಾನೆ.

ಹೊಂಬಾಳಮ್ಮ ಬದುವಿನ ಮೇಲೆ ಕುಸಿದಳು. ಬೂಟಿನ ಕಡೆ ಕೋಲೆತ್ತಿದಳು.

"ಬೈಬ್ಯಾಡ ಕಣವ್ವ, ಹೊಸ ಆಳುಗಳು" ಅಂದ ಮಗ, ತಾಯಿಯ ಬೆನ್ನು ಸವರುತ್ತ. "ಹಸಿದಿದ್ವೇನೋ, ಒಂದಕ್ಕೆ ಮುದ್ದೆ ಹಾಕ್ದೆ, ಇನ್ನೊಂದಕ್ಕೆ ಸಾರು ಬಿಟ್ಟೆ. ನೋಡು ಬೇಕಾದ್ರೆ, ಒಂದು ತೊಟ್ಟೂ ಚೆಲ್ಲಿಲ್ಲ!"